ಅಂಗಳವನ್ನಲ್ಲ, ನೆರಳನ್ನು ಅಳೆಯಿರಿ

ಶುಕ್ರವಾರ ಬೆಳಿಗ್ಗೆ ಮನೆಯವರೆಲ್ಲ ಇನ್ನೂ ಮಲಗಿದ್ದರು. ಮೊಟ್ಟೆ ತರಲು ಹಿಂದಿನ ಅಂಗಳಕ್ಕೆ ಹೋದ ಮಗಳು ಬರಿಗೈಯಲ್ಲಿ ಓಡಿಬಂದಳು. "ಅಮ್ಮಾ, ಮಲ್ಲಿಗೆಗೆ ರಕ್ತ ಬರ್ತಿದೆ!"

ಮಲ್ಲಿಗೆ ನಮ್ಮ ಆರು ಹೇಂಟೆಗಳಲ್ಲಿ ಒಂದೇ ಒಂದು ಬಿಳಿಯದು. ಹೋಗಿ ನೋಡಿದರೆ ಮೂಲೆಗೆ ಮುಖ ಹುದುಗಿಸಿ ನಿಂತಿದೆ. ಬಾಲದ ಬುಡದಲ್ಲಿ ಪುಕ್ಕವೇ ಇಲ್ಲ, ರೂಪಾಯಿ ಅಗಲದ ಹಸಿ ಗಾಯ. ನಾನು ನೋಡುತ್ತಿದ್ದಂತೆಯೇ ಕೆಂಚಿ ಬಂದು ಅದೇ ಗಾಯಕ್ಕೆ ಮತ್ತೊಮ್ಮೆ ಕುಕ್ಕಿತು. ಮಗಳು ಅತ್ತಳು. ಮಗ ಮಾತ್ರ ಬಹಳ ವ್ಯಾವಹಾರಿಕವಾಗಿ, "ಕೆಂಚಿಯನ್ನು ಸಾರು ಮಾಡೋಣ" ಎಂದ.

ಇಲ್ಲಿ ವಿಲ್ಲಾದಲ್ಲಿರುವ ನಿಮ್ಮಲ್ಲಿ ಕೆಲವರಾದರೂ ಗೋಡೆ ಸುತ್ತಿದ ಹೋಶ್‌ನಲ್ಲಿ ನಾಲ್ಕಾರು ಕೋಳಿ ಸಾಕಿದ್ದೀರಿ, ಇನ್ನು ಕೆಲವರು ಸಾಕುವ ಯೋಚನೆಯಲ್ಲಿದ್ದೀರಿ. ಹಾಗಾಗಿ ಆ ಬೆಳಿಗ್ಗೆಯಿಂದ ಕಲಿತದ್ದನ್ನು ಈ ಬಾರಿ ಬರೆಯುತ್ತೇನೆ.

ಮೊದಲ ಕೆಲಸ, ರಕ್ತ ಕಂಡ ತಕ್ಷಣ ಗಾಯವಾದ ಕೋಳಿಯನ್ನು ಬೇರೆ ಮಾಡುವುದು. "ಮಧ್ಯಾಹ್ನ ನೋಡೋಣ" ಎನ್ನಬೇಡಿ. ಕೆಂಪು ಬಣ್ಣ ಕೋಳಿಗಳನ್ನು ಸೆಳೆಯುತ್ತದೆ. ಒಂದು ಕುಕ್ಕಿದ್ದನ್ನು ನೋಡಿ ಇನ್ನೊಂದು ಕುಕ್ಕುತ್ತದೆ, ಸಂಜೆಯೊಳಗೆ ಕೊಂದೇಬಿಡಬಹುದು. ಗಾಯವನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ನೆರಳಲ್ಲಿ ಬುಟ್ಟಿಯಲ್ಲೋ ಪಂಜರದಲ್ಲೋ ಇಡಿ. ಗಾಯ ಆಳವಾಗಿದ್ದರೆ, ಅದರಲ್ಲೂ ಮೊಟ್ಟೆ ಬರುವ ಜಾಗದಲ್ಲಿ ಕುಕ್ಕಿದ್ದರೆ, ಪಶುವೈದ್ಯರ ಬಳಿ ಹೋಗಲೇಬೇಕು. ಮೊಟ್ಟೆ ನಮ್ಮ ತಟ್ಟೆಗೆ ಬರುವುದರಿಂದ ಔಷಧಿ ಏನೇ ಆದರೂ ಅವರನ್ನು ಕೇಳಿಯೇ ಹಚ್ಚಿ.

ಇನ್ನು ಮಕ್ಕಳ ಪ್ರಶ್ನೆ: ಕೆಂಚಿ ಕೆಟ್ಟದ್ದಾ?

ಕೋಳಿಗಳಲ್ಲಿ ಮೇಲು-ಕೀಳಿನ ಸಾಲು ಇದ್ದೇ ಇರುತ್ತದೆ. ಇದನ್ನು ಮೊದಲು ಕ್ರಮವಾಗಿ ಗಮನಿಸಿ ಬರೆದಿಟ್ಟವನು ನಾರ್ವೆಯ ಒಬ್ಬ ಹುಡುಗ, ಥೋರ್ಲೈಫ್ ಶೆಲ್ಡರೂಪ್-ಎಬ್ಬೆ. ಹತ್ತು ವರ್ಷದ ಆಸುಪಾಸಿನಲ್ಲೇ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನಂತೆ. ದೊಡ್ಡವನಾಗಿ ಪ್ರಾಣಿವಿಜ್ಞಾನಿಯಾದ ಮೇಲೆ 1922ರಲ್ಲಿ ಅದನ್ನೇ ಪ್ರಬಂಧವಾಗಿ ಪ್ರಕಟಿಸಿದ. ಸಾಲು ಯಾವಾಗಲೂ ನೇರವಾಗಿರುವುದಿಲ್ಲ ಎಂಬುದನ್ನೂ ಅವನು ಕಂಡಿದ್ದ: ಮೊದಲನೆಯದು ಎರಡನೆಯದನ್ನು ಕುಕ್ಕುತ್ತದೆ, ಎರಡನೆಯದು ಮೂರನೆಯದನ್ನು, ಆ ಮೂರನೆಯದು ತಿರುಗಿ ಮೊದಲನೆಯದನ್ನೇ! ಈ ಕತೆ ಹೇಳಿದ ಮೇಲೆ ನನ್ನ ಮಗಳೂ ಹಳೆಯ ನೋಟ್‌ಬುಕ್ ಒಂದನ್ನು ಹಿಡಿದು ಕಿಟಕಿಯ ಬಳಿ ಕೂತಳು. ರಜೆಯಲ್ಲಿ ಟ್ಯಾಬ್ ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಸಿಕ್ಕಿಲ್ಲ.

ಅವಳ ಪುಸ್ತಕದಿಂದಲೇ ನನಗೂ ವ್ಯತ್ಯಾಸ ಗೊತ್ತಾಯಿತು. ಸಾಲು ಕಾಯುವ ಕುಕ್ಕು ತಲೆಗೆ, ಕತ್ತಿಗೆ ಬೀಳುತ್ತದೆ; ಒಂದೇ ಏಟು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ, ಮುಗಿಯಿತು. ಅದಕ್ಕೆ ನಾವು ಕೈ ಹಾಕಬಾರದು. ಬೆನ್ನು, ಬಾಲದ ಬುಡಕ್ಕೆ ಮತ್ತೆ ಮತ್ತೆ ಕುಕ್ಕುವುದು, ಗರಿ ಕಿತ್ತು ತಿನ್ನುವುದು ಬೇರೆಯೇ ರೋಗ. ಅದು ಶುರುವಾಗಿದೆ ಎಂದರೆ ನಮ್ಮ ವ್ಯವಸ್ಥೆಯಲ್ಲಿ ಏನೋ ಕೊರತೆ ಇದೆ.

ನಮ್ಮ ಕೊರತೆ ಏನೆಂದು ಕಂಡುಹಿಡಿದವರು ತೀರ್ಥಹಳ್ಳಿಯಲ್ಲಿರುವ ನಮ್ಮಮ್ಮ, ಅದೂ ವಾಟ್ಸಾಪ್‌ನಲ್ಲಿ. ನಾನು ಫೋನ್ ತಿರುಗಿಸಿ ಅಂಗಳ ತೋರಿಸಿದೆ. ಅಮ್ಮ ಒಂದು ಕ್ಷಣ ನೋಡಿ, "ಅಲ್ಲ ಮಾರಾಯ್ತಿ, ಅದು ಓಡಿಹೋಗೋದಾದ್ರೂ ಎಲ್ಲಿಗೆ?" ಎಂದರು. ಊರಿನಲ್ಲಿ ಏಟು ತಿಂದ ಕೋಳಿ ಹಿತ್ತಲು ದಾಟಿ, ತೋಟದೊಳಗೆ ನುಗ್ಗಿ, ಸಂಜೆ ಏನೂ ಆಗದಂತೆ ವಾಪಸು ಬರುತ್ತದೆ. ನಮ್ಮಲ್ಲಿ?

ನಾನು ಲೆಕ್ಕದಲ್ಲಿ ಜೋರು ಎಂದುಕೊಂಡಿದ್ದೆ. ಒಂದು ಕೋಳಿಗೆ ಗೂಡಿನೊಳಗೆ 4 ಚದರಡಿ, ಹೊರಗೆ 8ರಿಂದ 10 ಚದರಡಿ ಸಾಕು ಎನ್ನುತ್ತಾರೆ. ನಮ್ಮ ಬೇಲಿ 10 ಅಡಿಗೆ 12 ಅಡಿ, ಆರು ಕೋಳಿಗೆ ಧಾರಾಳ. ಆದರೆ ಅಮ್ಮನ ಮಾತು ಕೇಳಿ ಬೆಳಿಗ್ಗೆ ಹನ್ನೊಂದಕ್ಕೆ ಹೊರಗೆ ಹೋಗಿ ನಿಂತೆ. ಜೂನ್ ಬಿಸಿಲು. ಗೋಡೆಯ ಬುಡದಲ್ಲಿ ಎರಡಡಿ ಅಗಲದ ನೆರಳಿನ ಪಟ್ಟಿ, ಆರೂ ಕೋಳಿ ಅದರಲ್ಲೇ ಒತ್ತಾಗಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿವೆ. ನನ್ನ 120 ಚದರಡಿಯಲ್ಲಿ ಕೋಳಿ ಕಾಲಿಡಬಹುದಾದದ್ದು 20 ಮಾತ್ರ. ತಲೆಗೆ ಮೂರು ಚಿಲ್ಲರೆ! ಕೋಳಿಗೆ ಬೆವರುವ ಗ್ರಂಥಿಯಿಲ್ಲ, ಬಿಸಿಲಿಗೆ ಹೋಗು ಎಂದರೆ ಹೋಗಲಾರದು. ಮಲ್ಲಿಗೆಗೆ ಇದ್ದದ್ದು ಎರಡೇ ದಾರಿ, ಬಿಸಿಲು ಇಲ್ಲವೇ ಕೆಂಚಿಯ ಕೊಕ್ಕು.

ಸಾಲದ್ದಕ್ಕೆ ನೀರಿನ ಡಬ್ಬವೂ ಒಂದೇ, ಅದೂ ಆ ನೆರಳಿನ ಪಟ್ಟಿಯಲ್ಲೇ. ಕೆಂಚಿ ಅದರ ಪಕ್ಕ ಬೀಡುಬಿಟ್ಟಿತ್ತು. ಊರಿನ ಹವೆಯಲ್ಲಿ ನೀರಿನ ಸರದಿ ತಡವಾದರೆ ಕೋಳಿಗೆ ಸ್ವಲ್ಪ ಬಾಯಾರಿಕೆ, ಅಷ್ಟೇ. ಇಲ್ಲಿ 45 ಡಿಗ್ರಿಯಲ್ಲಿ ಸಾಲಿನ ಕೊನೆಯ ಕೋಳಿ ಗಾಯದಿಂದಲ್ಲ, ಬಾಯಾರಿಕೆಯಿಂದಲೇ ಸಾಯಬಹುದು. ಈ ಸಂಗತಿ ನನ್ನನ್ನು ಬಹಳ ಕಾಡಿತು, ಏಕೆಂದರೆ ಡಬ್ಬ ಯಾವಾಗಲೂ ತುಂಬಿಯೇ ಇತ್ತು.

ಅಂದು ಸಂಜೆಯೇ ನಮ್ಮವರು ಹಸಿರು ನೆರಳು ಬಲೆ ತಂದು ಅರ್ಧ ಬೇಲಿಗೆ ಕಟ್ಟಿದರು. ನೀರು ಎರಡು ಕಡೆ, ತಿನಿಸು ಎರಡು ಕಡೆ, ಒಂದರಿಂದ ಇನ್ನೊಂದು ಕಾಣದಂತೆ ನಡುವೆ ಹಳೆಯ ಹಲಗೆ. ಈ ಹಲಗೆ ಮುಖ್ಯ. ಕೆಂಚಿಯ ಕಣ್ಣಿಗೆ ಬೀಳದ ಜಾಗ ಒಂದು ಬೇಕು. ರಿಯಾದ್‌ನ ಒಣ ಹವೆಯಲ್ಲಿರುವವರು ಒದ್ದೆ ಗೋಣಿ ಕಟ್ಟಿ ತಂಪು ಮಾಡಬಹುದು. ಜುಬೈಲ್, ದಮ್ಮಾಮ್ ಕಡೆ ತೇವ ಹೆಚ್ಚಾದ ದಿನಗಳಲ್ಲಿ ಅದರಿಂದ ಅಷ್ಟು ಪ್ರಯೋಜನವಿಲ್ಲ, ಫ್ಯಾನ್ ಗಾಳಿಯೇ ಗತಿ.

ಇನ್ನೆರಡು ತಪ್ಪು ನನ್ನವೇ. ಉಳಿದ ಅನ್ನವನ್ನೆಲ್ಲ ಪ್ರೀತಿಯಿಂದ ಕೋಳಿಗೆ ಸುರಿಯುತ್ತಿದ್ದೆ. ಮೊಟ್ಟೆಯಿಡುವ ಕೋಳಿಗೆ ಸುಮಾರು 16 ಶೇಕಡ ಪ್ರೊಟೀನ್ ಬೇಕು, ಅನ್ನದಲ್ಲಿ ಅಷ್ಟಿಲ್ಲ. ಗರಿ ಎಂದರೆ ಬಹುಪಾಲು ಪ್ರೊಟೀನೇ. ತಿನಿಸಿನಲ್ಲಿ ಸಿಗದಿದ್ದರೆ ಪಕ್ಕದ ಕೋಳಿಯ ಬೆನ್ನಲ್ಲಿ ಹುಡುಕುತ್ತವೆ. ಈಗ ಅಂಗಡಿಯ ಲೇಯರ್ ಫೀಡ್ ಮೊದಲು, ಅನ್ನ ಸಂಜೆ ಒಂದು ಹಿಡಿ. ಇನ್ನೊಂದು, ಕಳ್ಳರ ಭಯಕ್ಕೆ ಗೋಡೆಗೆ ಹಾಕಿಸಿದ ಪ್ರಖರ ದೀಪ ರಾತ್ರಿಯಿಡೀ ಗೂಡಿನ ಮೇಲೇ ಉರಿಯುತ್ತಿತ್ತು. ಕೋಳಿಗೆ ಕತ್ತಲೆ ಬೇಕು, ನಿದ್ದೆಗೆಟ್ಟರೆ ಅದೂ ನಮ್ಮಂತೆಯೇ ಸಿಡಿಮಿಡಿ. ದೀಪದ ಮುಖ ತಿರುಗಿಸಿದೆವು. ಒಂದು ಕಟ್ಟು ಬರ್ಸೀಮ್ ಸೊಪ್ಪನ್ನು ಕೊಕ್ಕಿಗೆ ಎಟುಕುವಷ್ಟು ಎತ್ತರದಲ್ಲಿ ನೇತುಹಾಕಿದರೆ ಗಂಟೆಗಟ್ಟಲೆ ಅದನ್ನೇ ಕುಕ್ಕುತ್ತವೆ. ಗರಿಯಡಿ ಹೇನು, ಉಣ್ಣೆ ಇವೆಯೇ ಎಂದೂ ಒಮ್ಮೆ ನೋಡಿಬಿಡಿ. ಹೊರಳಾಡಲು ಒಣ ಮರಳಿಗೆ ಇಲ್ಲಿ ಬರವಿಲ್ಲವಲ್ಲ!

ಕೆಂಚಿಯ ಶಿಕ್ಷೆಗೆ ಬರೋಣ. ನಾನು ಮಲ್ಲಿಗೆಯನ್ನೇ ತಿಂಗಳುಗಟ್ಟಲೆ ಬೇರೆ ಇಡೋಣ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ವಾಪಸು ಬಂದಾಗ ಅದು ಎಲ್ಲರಿಗೂ ಹೊಸ ಕೋಳಿ, ಮತ್ತೆ ಮೊದಲಿನಿಂದ ಹೊಡೆತ. ಆದ್ದರಿಂದ ಮಲ್ಲಿಗೆಯ ಪಂಜರವನ್ನು ಗಾಯ ಒಣಗುವವರೆಗೂ ಉಳಿದವಕ್ಕೆ ಕಾಣುವಂತೆ ಬೇಲಿಯ ಪಕ್ಕದಲ್ಲೇ ಇಟ್ಟೆವು. ಮಲ್ಲಿಗೆ ಒಳಗೆ ಬಂದ ದಿನ ಕೆಂಚಿ ಹೊರಗೆ, ಮನೆಯ ಆಚೆ ಬದಿಗೆ, ಐದು ದಿನ. ಅಷ್ಟರಲ್ಲಿ ಸಾಲು ಕೆಂಚಿಯಿಲ್ಲದೆ ಹೊಸದಾಗಿ ಕೂಡಿಕೊಂಡಿತು. ಆರನೆಯ ದಿನ ರಾತ್ರಿ, ಎಲ್ಲವೂ ಕೋಲಿನ ಮೇಲೆ ತೂಕಡಿಸುವಾಗ, ಕೆಂಚಿಯನ್ನು ಮೆಲ್ಲಗೆ ತುದಿಯಲ್ಲಿ ಕೂರಿಸಿದೆವು. ಬೆಳಿಗ್ಗೆ ಎದ್ದು ಅದು ಗುರ್ ಎಂದಿತು, ಬೇರೆ ಎರಡು ಹೇಂಟೆಗಳಿಂದ ಏಟು ತಿಂದಿತು, ಸುಮ್ಮನಾಯಿತು. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎನ್ನಲಾರೆ. ಎಷ್ಟು ಮಾಡಿದರೂ ತಿದ್ದದ ಕೋಳಿ ಇರುತ್ತದೆ, ಅದನ್ನು ಬೇರೆಯವರಿಗೆ ಕೊಡುವುದೇ ಸರಿ. ಕೊಕ್ಕಿನ ತುದಿ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ. ಕೊಕ್ಕಿನಲ್ಲಿ ನರಗಳಿವೆ, ನೋಯುತ್ತದೆ.

ಹೊಸದಾಗಿ ಸಾಕುವವರು ಮೊದಲು ಮನೆ ಮಾಲೀಕರನ್ನೂ ಬಲದಿಯಾವನ್ನೂ ಕೇಳಿಕೊಳ್ಳಿ, ಕಾಂಪೌಂಡ್‌ಗಳಲ್ಲಿ ಒಪ್ಪದಿರಬಹುದು. ಪಕ್ಷಿ ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ದೂರವೇ ಇಡಿ. ಕೋಳಿ ಮುಟ್ಟಿದ ಮಕ್ಕಳು ಸೋಪಿನಲ್ಲಿ ಕೈ ತೊಳೆಯಲಿ, ಮುದ್ದು ಬಂದರೂ ಮುತ್ತು ಬೇಡ.

ಮುಂದಿನ ವಾರ ನಾವು ರಜೆಗೆ ಊರಿಗೆ. ಕೋಳಿ ನೋಡಿಕೊಳ್ಳುವ ಗೆಳತಿಗಾಗಿ ಮಗಳು ಒಂದು ಚೀಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ: "ಆಂಟಿ, ನೀರಿನ ಡಬ್ಬ ಎರಡು. ಹಲಗೆಯ ಹಿಂದಿನದು ಮಲ್ಲಿಗೆಯದು. ಅದು ತುಂಬಿದಂತೆ ಕಂಡರೂ ದಯವಿಟ್ಟು ಬಗ್ಗಿ ನೋಡಿ."