ಮೂಳೆ ಸೇರಿದ ಸೀಸಕ್ಕೆ ಹೊಣೆ ಯಾರು?

ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಹಳೆಯ ಬ್ಯಾಟರಿ ಬಿಚ್ಚುವವರು, ಹಳೆ ಬಣ್ಣ ಕೆರೆಯುವವರು, ಹಿಂದೆ ಅಚ್ಚುಮೊಳೆ ಜೋಡಿಸಿ ಮುದುಕರಾದವರು ಒಂದು ಮಾತು ತಿಳಿದಿರಬೇಕು: ಕೆಲಸ ಬಿಟ್ಟರೂ ಸೀಸ ಮೈ ಬಿಡುವುದಿಲ್ಲ.

ಸುಣ್ಣದಂಶದ ಜಾಗ ಹಿಡಿದು ಅದು ಮೂಳೆ ಸೇರುತ್ತದೆ. ದೊಡ್ಡವರ ಮೈಯೊಳಗಿನ ಸೀಸದಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ಅಲ್ಲೇ ಇರುತ್ತದೆ. ರಕ್ತದಲ್ಲಿ ಸುಮಾರು ಒಂದು ತಿಂಗಳಲ್ಲಿ ಅರ್ಧವಾಗುವ ಸೀಸಕ್ಕೆ ಮೂಳೆಯಲ್ಲಿ ದಶಕಗಳೇ ಬೇಕು. ಮುಪ್ಪಿನಲ್ಲಿ, ಬಸಿರು ಬಾಣಂತನದಲ್ಲಿ ಮೂಳೆ ಕರಗಿದಾಗ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಮೂಳೆ ಕಟ್ಟುವ ಜೀವಕೋಶಗಳಿಗೂ ಅದು ಅಡ್ಡಿ. ಮೂಳೆ ಸವೆತಕ್ಕೂ ಅದಕ್ಕೂ ನಂಟಿರುವ ಸೂಚನೆಗಳು ಸಿಕ್ಕಿವೆ. ಕೊನೆಯ ತೀರ್ಪು ಬಂದಿಲ್ಲ. ಬರುವವರೆಗೆ ಕಾರ್ಮಿಕ ವಿಷ ನುಂಗುತ್ತಿರಬೇಕೇ?

1948ರ ಕಾರ್ಖಾನೆ ಕಾಯ್ದೆ ಸೀಸದ ವಿಷವನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ನಾಲ್ಕಾಳಿನ ಬ್ಯಾಟರಿ ಅಂಗಡಿ ಆ ಲೆಕ್ಕಕ್ಕೆ ಬರಲೇ ಇಲ್ಲ! 2000ದಲ್ಲಿ ಪೆಟ್ರೋಲಿನ ಸೀಸ ಹೋಯಿತು. 2017ರಲ್ಲಿ ಮನೆ ಬಣ್ಣಕ್ಕೆ ಹತ್ತು ಲಕ್ಷಕ್ಕೆ 90 ಪಾಲಿನ ಮಿತಿ ಬಂತು. ಮನಸ್ಸು ಮಾಡಿದರೆ ಆಗುತ್ತದೆ. ಬಡವನ ಕಸುಬಿನ ಸರದಿ ಯಾವಾಗ?

ಸಣ್ಣ ಅಂಗಡಿಗೆ ದಂಡ ಹಾಕಿ ಬಾಗಿಲು ಮುಚ್ಚಿಸುವುದು ಪರಿಹಾರವಲ್ಲ. ಬ್ಯಾಟರಿ ಮಾಡಿ ಲಾಭ ಎಣಿಸುವ ಕಂಪನಿಯೇ ಹಳೆಯದರ ಹೊಣೆ ಹೊರಬೇಕೆಂದು 2022ರ ನಿಯಮ ಹೇಳುತ್ತದೆ. ಅದು ಕಾಗದದಿಂದ ಬೀದಿಗಿಳಿಯಲಿ. ಮೂಳೆ ಮುರಿದು ಬಂದವರನ್ನು ವೈದ್ಯರು "ಏನು ಕಸುಬು ಮಾಡಿದ್ದಿರಿ?" ಎಂದು ಕೇಳಲಿ. ರಕ್ತದ ಸೀಸ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆಯಾಗಲಿ, ಕೆಲಸ ಬಿಟ್ಟವರಿಗೂ ಸಿಗಲಿ. ನಾವು ಬೇಡುತ್ತಿರುವುದು ಭಿಕ್ಷೆಯಲ್ಲ, ದುಡಿದ ಮೂಳೆಯ ಲೆಕ್ಕ.