ಸುಧಾರಣೆಯ ಫಲ ಯಾರಿಗೆ?

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಕೇಂದ್ರ ಸರಕಾರವು 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಗಳ ನೆರವನ್ನು ಮಂಜೂರು ಮಾಡಿತು. ಅದೇ ವರ್ಷ, ಗುತ್ತಿಗೆ ಕಾರ್ಮಿಕರನ್ನು ಕೆಲಸದಿಂದ ತೆಗೆದುದನ್ನು ಪ್ರತಿಭಟಿಸಿ ಅಲ್ಲಿ ಮುಷ್ಕರವೂ ನಡೆಯಿತು. ಈ ಕಾರ್ಖಾನೆಯು ಕಾರ್ಮಿಕರ ಗುಣವೃತ್ತಗಳಿಗೆ ಹೆಸರಾದುದು. ಆದುದರಿಂದ ಉದ್ಯಮಿಗಳ ಬಾಯಲ್ಲಿ ಇಂದು ಸದಾ ಕೇಳಿಬರುವ ‘ನಿರಂತರ ಸುಧಾರಣೆ’ಯನ್ನು ಕುರಿತು ಒಂದು ಪ್ರಶ್ನೆ ಏಳುವುದು ಸಹಜ: ಸುಧಾರಣೆಯನ್ನು ಮಾಡುವವರು ಯಾರು? ಅದರ ಫಲವನ್ನು ಉಣ್ಣುವವರು ಯಾರು?

ಈ ವಿದ್ಯೆಯು ಜಪಾನಿನದೆಂಬುದು ಸಾಮಾನ್ಯ ನಂಬಿಕೆ. ಆದರೆ ಇದರ ಮೂಲಪುರುಷರಲ್ಲೊಬ್ಬರಾದ ಅಮೆರಿಕದ ವಾಲ್ಟರ್ ಶೂಹಾರ್ಟರು ಪ್ರೊಫೆಸರ್ ಮಹಲನೋಬಿಸರ ಆಹ್ವಾನದ ಮೇರೆಗೆ 1947-48ರಲ್ಲಿಯೇ ಭಾರತಕ್ಕೆ ಬಂದಿದ್ದರು. ಡೆಮಿಂಗರು ಜಪಾನಿನಲ್ಲಿ ತಮ್ಮ ಪ್ರಸಿದ್ಧ ಉಪನ್ಯಾಸಗಳನ್ನು ಮಾಡಿದುದು 1950ರಲ್ಲಿ. ನಾವು ಮೊದಲೇ ಕೇಳಿದೆವು. ಅವರು ಕೇಳಿದುದನ್ನು ನಡೆಸಿದರು. 1962ರಲ್ಲಿ ಇಷಿಕಾವಾ ಅವರ ಮುಂದಾಳುತನದಲ್ಲಿ ಜಪಾನಿನ ಕಾರ್ಮಿಕರು ಗುಣವೃತ್ತಗಳನ್ನು ಕಟ್ಟಿಕೊಂಡರು. ಒಂದೇ ವಿಭಾಗದ ಆರರಿಂದ ಹತ್ತು ಮಂದಿ ತಾವಾಗಿಯೇ ಕಲೆತು, ತಮ್ಮ ಕೆಲಸದ ತೊಡಕುಗಳನ್ನು ತಾವೇ ಬಿಡಿಸಿಕೊಳ್ಳುವ ಕೂಟವೇ ಗುಣವೃತ್ತ. ನಮ್ಮ ದೇಶದಲ್ಲಿ ಇದಕ್ಕೆ ನಾಂದಿಯಾದುದು 1980ರಲ್ಲಿ, ಹೈದರಾಬಾದಿನ ಬಳಿಯ ರಾಮಚಂದ್ರಪುರದ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಕಾರ್ಖಾನೆಯಲ್ಲಿ, ಎಸ್. ಆರ್. ಉಡುಪರಿಂದ.

ಉಕ್ಕಿನ ಕುಲುಮೆಗೂ ನಮ್ಮ ಅಡಿಗೆಮನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಹತ್ತಿರದ್ದೇ ಆಗಿದೆ. ವಿಜಯವಾಡದ ರೈಲು ನಿಲ್ದಾಣದ ಸಮೀಪದ ಒಂದು ಹೋಟೆಲಿನಲ್ಲಿ ವಾರಕ್ಕೆ 40 ದೋಸೆಗಳು ಮೇಜಿನಿಂದ ಹಿಂದಿರುಗಿ ಬರುತ್ತವೆ ಎಂದಿಟ್ಟುಕೊಳ್ಳೋಣ. ಯಜಮಾನರು ಒಡನೆಯೇ ದೋಸೆಭಟ್ಟರನ್ನು ಗದರುತ್ತಾರೆ. ಅದಕ್ಕೆ ಬದಲಾಗಿ ಒಂದು ಹಲಗೆಯನ್ನು ತೂಗುಹಾಕಿ, ಹಿಂದಿರುಗಿದ ಪ್ರತಿಯೊಂದು ದೋಸೆಗೂ ಕಾರಣದ ಎದುರಿಗೆ ಒಂದು ಗೆರೆ ಎಳೆಯಲಿ. ವಾರದ ಕೊನೆಗೆ ಆರಿಹೋದವು 23, ತಪ್ಪು ಮೇಜಿಗೆ ಹೋದವು 11, ಸೀದವು 4, ಇತರ 2 ಎಂದು ಲೆಕ್ಕ ಬಂದರೆ ಭಟ್ಟರ ಪಾಲಿನ ದೋಷವು ಎಷ್ಟು ಅಲ್ಪವೆಂಬುದು ವಿದಿತವಾಗುತ್ತದೆ. ದೋಸೆ ಆರುವುದೇಕೆ? ಚಟ್ನಿಯ ಪಾತ್ರೆ ಕಾವಲಿಯಿಂದ ದೂರವಿದ್ದು, ತಟ್ಟೆ ಅಲ್ಲಿ ಕಾಯುವುದರಿಂದ. ಇದು ಯಜಮಾನರಿಗೆ ತಿಳಿಯದು, ದಿನಕ್ಕೆ ನೂರು ಸಲ ನಡೆಯುವ ಮಾಣಿಗೆ ತಿಳಿದಿದೆ. ಪಾತ್ರೆಯನ್ನು ಕಾವಲಿಯ ಬಳಿಗೆ ಸರಿಸಿ, ಮರುವಾರ ಮತ್ತೆ ಎಣಿಸತಕ್ಕದ್ದು. ಗುಣ ಕಂಡರೆ ಅದೇ ರೂಢಿಯಾಗಲಿ. ಕಾಣದಿದ್ದರೆ ಬೇರೊಂದನ್ನು ಪ್ರಯತ್ನಿಸಲಿ. ಯೋಜಿಸು, ಮಾಡು, ಪರೀಕ್ಷಿಸು, ನೆಲೆಗೊಳಿಸು: ಪಂಡಿತರ ದೊಡ್ಡ ಗ್ರಂಥಗಳ ಸಾರವು ಇಷ್ಟೇ. ಹಿಂದಿರುಗಿ ಬರುವ ಬಿಲ್ಲುಗಳನ್ನು ಗುಮಾಸ್ತರೂ ಹೀಗೆಯೇ ವಿಂಗಡಿಸಿ ನೋಡಬಹುದು.

ಆದರೆ ಇದು ನಡೆಯಬೇಕಾದರೆ ಎರಡು ನಿಬಂಧನೆಗಳುಂಟು. ಮೊದಲನೆಯದು, ಹಲಗೆಯ ಮೇಲೆ ದೋಷದ ಕಾರಣವಿರಬೇಕು, ಮನುಷ್ಯನ ಹೆಸರು ಇರಕೂಡದು. ಹೆಸರು ಬಂದ ದಿನವೇ ಗೆರೆಗಳು ಸುಳ್ಳಾಗುತ್ತವೆ. ಎರಡನೆಯದು, ಉಳಿತಾಯದ ಹೆಸರಿನಲ್ಲಿ ಯಾರ ಅನ್ನಕ್ಕೂ ಕುತ್ತು ಬರಬಾರದು. ಮೂವರ ಕೆಲಸವನ್ನು ಇಬ್ಬರು ಮಾಡುವ ದಾರಿಯನ್ನು ಕ್ಲೀನರ್ ಹುಡುಗನು ತೋರಿಸಿಕೊಟ್ಟು, ಮರುದಿನ ಅವನೇ ಬೀದಿಪಾಲಾದರೆ, ಆ ಮನೆಯಲ್ಲಿ ಇನ್ನೊಬ್ಬನು ಬಾಯಿ ತೆರೆಯುವನೇ? ಭಯವಿರುವಲ್ಲಿ ಸತ್ಯವಾದ ಲೆಕ್ಕವಿಲ್ಲ, ಲೆಕ್ಕವಿಲ್ಲದಲ್ಲಿ ಸುಧಾರಣೆಯಿಲ್ಲ. ಕೆಲಸದ ಸ್ಥಳದಿಂದ ಭಯವನ್ನು ಹೊರಗಟ್ಟಬೇಕೆಂಬುದು ಡೆಮಿಂಗರ ಹದಿನಾಲ್ಕು ಸೂತ್ರಗಳಲ್ಲಿ ಒಂದಾಗಿದೆಯೆಂಬುದನ್ನು ಸುಧಾರಣೆಯ ಜಪ ಮಾಡುವವರು ಮರೆಯಬಾರದು.

ಪರವಾನಿಗೆ ಪಡೆದ ಹೋಟೆಲುಗಳಲ್ಲಿ ಪ್ರತಿ 25 ಮಂದಿ ಆಹಾರ ಕೆಲಸಗಾರರಿಗೆ ತರಬೇತಿ ಹೊಂದಿದ ಒಬ್ಬ ಮೇಲ್ವಿಚಾರಕನಾದರೂ ಇರಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಧೋರಣೆ. ಇದು ಒಳ್ಳೆಯದೇ. ಆದರೆ ಗೋಡೆಗೆ ಒಬ್ಬನ ಪ್ರಮಾಣಪತ್ರವನ್ನು ತೂಗುಹಾಕಿ, ಉಳಿದ 24 ಮಂದಿಯ ಕಣ್ಣುಗಳನ್ನು ಮುಚ್ಚಿಸಿದರೆ ಫಲವೇನು?

ಆಂಧ್ರದಲ್ಲಿ ನೆಲೆಸಿರುವ ನಮ್ಮ ಹೋಟೆಲು ಯಜಮಾನರಲ್ಲಿ ಅನೇಕರು ಲೋಟ ತೊಳೆದೇ ಮೇಲೆ ಬಂದವರು. ಆದುದರಿಂದ ಅವರಿಗೆ ಈ ಮಾತು ಹೊಸದಲ್ಲ. ವಾರಕ್ಕೆ ಅರ್ಧ ಗಂಟೆ, ಮಧ್ಯಾಹ್ನದ ಬಿಡುವಿನಲ್ಲಿ, ಸಂಬಳದ ವೇಳೆಯಲ್ಲಿಯೇ ಎಲ್ಲರನ್ನೂ ಕೂಡಿಸಿ ಕೇಳಲಿ. ಉಳಿದ ಹಣದಲ್ಲಿ ಒಂದು ಪಾಲನ್ನು ಸಂಬಳಕ್ಕೆ ಸೇರಿಸಲಿ. ಕೆಲಸಗಾರರೂ ಅಷ್ಟೆ, ಗೊಣಗುವುದನ್ನು ಬಿಟ್ಟು, ಎಣಿಸಿ ಹೇಳುವುದನ್ನು ಕಲಿಯಲಿ. ಅಂಕೆಯೊಡನೆ ಆಡಿದ ಮಾತನ್ನು ತಳ್ಳಿಹಾಕುವುದು ಯಾವ ಯಜಮಾನರಿಗೂ ಸುಲಭವಲ್ಲ.