ಅರ್ಜಿಗೆ ಕಾಯಬೇಡಿ, ಪಟ್ಟಿ ನಿಮ್ಮಲ್ಲೇ ಇದೆ

ಗೆ,
ಮಾನ್ಯ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರು,
ಕರ್ನಾಟಕ ಸರ್ಕಾರ

ಮಾನ್ಯರೇ,

ನಕ್ಷತ್ರ ನೋಡಿ ಮಳೆಯನ್ನಾದರೂ ಅಂದಾಜು ಮಾಡಬಹುದು. ಹೊಸ ರೇಷನ್ ಕಾರ್ಡಿಗೆ ನಿಮ್ಮ ಇಲಾಖೆಯವರು ‘ಸೈಟ್’ ಯಾವಾಗ ಬಿಡುತ್ತಾರೆ ಎಂದು ಹೇಳುವುದು ಮಾತ್ರ ಮಲೆನಾಡಿನ ನಮ್ಮೂರಿನಲ್ಲಿ ಯಾರಿಂದಲೂ ಆಗಿಲ್ಲ. ‘ನಾಳೆ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಬಿಡ್ತಾರಂತೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಬರುತ್ತದೆ. ಬೈಕ್ ಇರುವ ಹುಡುಗರು ಗ್ರಾಮ ಒನ್ ಸೇವಾ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ. ಬೆಳಗಿನ ಬಸ್ಸು ತಪ್ಪಿದರೆ ಮಧ್ಯಾಹ್ನದ ಬಸ್ಸೇ ಗತಿ ಎನ್ನುವಂಥ ಒಂಟಿ ಮುದುಕಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸರ್ವರ್ ಮಲಗಿರುತ್ತದೆ.

ಪಂಚಾಯಿತಿ ಗ್ರಂಥಾಲಯದ ಕೆಲಸದಿಂದ ನಿವೃತ್ತನಾದ ಮೇಲೆ ಇಂಥವರ ಕಾಗದಪತ್ರ ಹೊಂದಿಸಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಅದನ್ನು ಮಾಡುತ್ತಾ ಗಟ್ಟಿಯಾದ ಅಭಿಪ್ರಾಯವೊಂದನ್ನು ತಮ್ಮ ಮುಂದಿಡಲು ಈ ಪತ್ರ. ದಿಕ್ಕಿಲ್ಲದ ಹಿರಿಯರಿಂದ ಅರ್ಜಿ ಕೇಳುವುದನ್ನೇ ಬಿಟ್ಟುಬಿಡಿ. ಅವರು ಯಾರು, ಎಲ್ಲಿದ್ದಾರೆ ಎಂಬುದು ಸರ್ಕಾರಕ್ಕೆ ಆಗಲೇ ಗೊತ್ತಿದೆ.

ಕೌಂಟರಿನ ಈಚೆ ಕಡೆಯಿಂದ ಅರ್ಜಿ ಹೇಗೆ ಕಾಣುತ್ತದೆ ಎಂದು ಮೊದಲು ಹೇಳುತ್ತೇನೆ. ಗ್ರಾಮ ಒನ್‌ನಲ್ಲಿ ಮೊದಲ ಮಾತೇ ‘ಆರ್‌ಡಿ ನಂಬರ್ ತಂದಿದ್ದೀರಾ ಅಜ್ಜಿ?’ ಅಂದರೆ ಜಾತಿ, ಆದಾಯ ಪ್ರಮಾಣಪತ್ರ, ಅಂದರೆ ನಾಡಕಚೇರಿ. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ತಿಂಗಳಿಗೊಮ್ಮೆ ಬರುವ ಪಿಂಚಣಿ ಬಿಟ್ಟರೆ ಬೇರೇನೂ ಕಾಣದವಳು ಅದನ್ನು ಸರ್ಕಾರಿ ಕಾಗದದಲ್ಲೇ ತೋರಿಸಬೇಕು. ಆಮೇಲೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ. ಆ ನಂಬರು ಯಾವತ್ತೋ ಮೊಮ್ಮಗ ಕೊಟ್ಟದ್ದು, ಅವನು ಸಿಮ್ಮು ಬದಲಾಯಿಸಿದ್ದಾನೆ. ಓಟಿಪಿ ಇಲ್ಲದಿದ್ದರೆ ಹೆಬ್ಬೆಟ್ಟು ಒತ್ತಿ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಹೆಂಗಸರ ಬದುಕು ಅಡಿಕೆ ಸುಲಿಯುವುದರಲ್ಲೇ ಸವೆದಿದೆ. ಕತ್ತಿಯ ಅಲಗು, ಅಡಿಕೆಯ ಚೊಗರು ಎರಡೂ ಸೇರಿ ಬೆರಳಿನ ಗೆರೆ ಉಳಿಸಿಲ್ಲ. ಕರಾವಳಿಯಲ್ಲಿ ಬೀಡಿ ಕಟ್ಟಿದವರ, ಕೊಡಗಿನಲ್ಲಿ ಕಾಫಿ ಕೊಯ್ದವರ ಕಥೆಯೂ ಇದೇ ಇರಬೇಕು. ದುಡಿದಷ್ಟೂ ಯಂತ್ರಕ್ಕೆ ಗುರುತು ಹತ್ತದಂಥ ಕೈಗಳು ಇವು.

ಇದೆಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ, ಅದು ಯಾವ ನಮೂನೆಯಲ್ಲೂ ಇಲ್ಲ. ಕಾರ್ಡು ಕುಟುಂಬಕ್ಕೆ. ತಾಯಿಯ ಹೆಸರು ಬೆಂಗಳೂರಿನಲ್ಲಿರುವ ಮಗನ ಕಾರ್ಡಿನಲ್ಲಿದೆ, ತಾಯಿ ಇರುವುದು ಊರಿನ ಹಳೇ ಮನೆಯಲ್ಲಿ. ಅವಳ ಪಾಲಿನ ಅಕ್ಕಿ ಬೆಂಗಳೂರಿನಲ್ಲೇ ಎತ್ತುವಳಿಯಾಗುತ್ತದೆ. ಎಲ್ಲಿ ಬೇಕಾದರೂ ರೇಷನ್ ಪಡೆಯುವ ಅವಕಾಶವಿದೆ, ನಿಜ. ಆದರೆ ಮಗ ಮೊದಲೇ ಪೂರ್ತಿ ಎತ್ತಿದ ಮೇಲೆ ಊರಿನ ಸೊಸೈಟಿಯಲ್ಲಿ ಅವಳಿಗೆ ಏನು ಉಳಿದೀತು? ಬೇರೆ ಕಾರ್ಡು ಬೇಕೆಂದರೆ ಮಗನ ಕಾರ್ಡಿನಿಂದ ಹೆಸರು ತೆಗೆಸಬೇಕು. ‘ನನ್ನ ಹೆಸರು ತೆಗಿಸಿಬಿಡೋ’ ಎಂದು ತಾಯಿ ಫೋನಿನಲ್ಲಿ ಹೇಳಿದಳೆಂದರೆ ಸೊಸೆಯ ಕಿವಿಗೆ ಅದು ಪಾಲು ಕೇಳಿದ ಹಾಗೆಯೇ ಕೇಳುತ್ತದೆ. ಎಷ್ಟೋ ಮಂದಿ ಆ ಮಾತು ಆಡಲಾರದೆ, ಅಕ್ಕಪಕ್ಕದವರ ಮನೆಯಲ್ಲಿ ಸೇರು ಅಕ್ಕಿ ಕಡ ತಂದುಕೊಂಡು ಇದ್ದುಬಿಡುತ್ತಾರೆ.

ಕಾನೂನು ಇವರನ್ನು ಮರೆತಿಲ್ಲ ಎಂಬುದೇ ಇದರಲ್ಲಿ ಬೇಸರದ ಸಂಗತಿ. 2000ರ ಡಿಸೆಂಬರಿನಲ್ಲಿ ಅಂತ್ಯೋದಯ ಯೋಜನೆ ಬಂತು. ಜೀವನೋಪಾಯಕ್ಕೆ ಖಾತ್ರಿಯ ದಾರಿಯಿಲ್ಲದ, 60 ದಾಟಿದವರೇ ಯಜಮಾನರಾಗಿರುವ ಮನೆಗಳು, ಯಾರ ಆಸರೆಯೂ ಇಲ್ಲದ ಒಂಟಿ ಹೆಂಗಸರು, ಗಂಡಸರು ಅದರ ಮಾನದಂಡದೊಳಗೇ ಇದ್ದಾರೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2003ರ ಮೇ 2ರಂದು ಕೊಟ್ಟ ಆದೇಶವೂ ವೃದ್ಧರಿಗೆ, ನಿರ್ಗತಿಕರಿಗೆ ಅಂತ್ಯೋದಯ ಕಾರ್ಡು ಕೊಡಿ ಎಂದಿತ್ತು. ಆ ಕಾರ್ಡಿಗೆ ತಲೆಯ ಲೆಕ್ಕವಿಲ್ಲ, ಮನೆಗೆ ತಿಂಗಳಿಗೆ 35 ಕಿಲೋ. ಒಬ್ಬಳಿಗೆ ಅಷ್ಟು ಅಕ್ಕಿ ಯಾಕೆ ಎಂದು ಕೇಳಿದ ಅಧಿಕಾರಿಯೊಬ್ಬರನ್ನು ನಾನು ಕಂಡಿದ್ದೇನೆ. ಅಕ್ಕಿಯಿರುವ ಮನೆಗೆ ಮಗಳು ಮಕ್ಕಳನ್ನು ಕಟ್ಟಿಕೊಂಡು ಬಂದು ನಾಲ್ಕು ದಿನ ಇದ್ದುಹೋಗುತ್ತಾಳೆ ಸ್ವಾಮಿ, ಅದಕ್ಕೇ ಎಂದೆ. ಅಂತ್ಯೋದಯಕ್ಕಿಂತ ಮೊದಲೇ, 2000ರ ಏಪ್ರಿಲ್‌ನಲ್ಲಿ, ಪಿಂಚಣಿಗೆ ಅರ್ಹರಾಗಿಯೂ ಅದು ಸಿಗದ 65 ದಾಟಿದವರಿಗೆ ತಿಂಗಳಿಗೆ 10 ಕಿಲೋ ಧಾನ್ಯ ಪುಕ್ಕಟೆ ಕೊಡುವ ಅನ್ನಪೂರ್ಣ ಯೋಜನೆಯನ್ನು ಕೇಂದ್ರ ತಂದಿತ್ತು. ಅದರ ಹೆಸರು ಕೇಳಿದವರು ನಮ್ಮ ಕಡೆ ಸಿಗುವುದೇ ಅಪರೂಪ.

ಅಂತ್ಯೋದಯದ ಸಂಖ್ಯೆ ಕೇಂದ್ರದ ಕೈಯಲ್ಲಿದೆ ಎನ್ನುತ್ತೀರಿ. ಒಪ್ಪಿದೆ. ಬಿಪಿಎಲ್ ಕಾರ್ಡು ಯಾರಿಗೆ ಎಂದು ಗುರುತಿಸುವುದು 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರಾಜ್ಯದ ಕೆಲಸವೇ ತಾನೆ? ಇಲ್ಲಿ ಪಕ್ಕದ ಕಂದಾಯ ಇಲಾಖೆಯನ್ನು ಸ್ವಲ್ಪ ನೋಡಿ. 2021ರಲ್ಲಿ ಅವರು ‘ಮನೆ ಬಾಗಿಲಿಗೆ ಮಾಸಾಶನ’ ಶುರು ಮಾಡಿದಾಗ ವಯಸ್ಸಾದವರನ್ನು ಹುಡುಕಿದ್ದು ನಿಮ್ಮದೇ ಇಲಾಖೆಯ ಬಿಪಿಎಲ್ ಪಟ್ಟಿಯಲ್ಲಿ. ಮರುವರ್ಷ 155245ಕ್ಕೆ ಫೋನ್ ಮಾಡಿದರೆ 72 ಗಂಟೆಯೊಳಗೆ ಪಿಂಚಣಿ ಮಂಜೂರು ಮಾಡುತ್ತೇವೆ ಎಂದರು. ನಿಮ್ಮ ಪಟ್ಟಿಯಿಂದ ಅವರು ಪಿಂಚಣಿ ಕೊಡಬಹುದಾದರೆ, ಅವರ ಪಟ್ಟಿಯಿಂದ ನೀವು ಅಕ್ಕಿ ಕೊಡಲು ಏನು ಅಡ್ಡಿ? ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯುವ 65 ದಾಟಿದವರ ಬಡತನವನ್ನು ಗ್ರಾಮ ಆಡಳಿತಾಧಿಕಾರಿ ನೋಡಿ, ತಹಶೀಲ್ದಾರರು ಸಹಿ ಮಾಡಿ ಆಗಿದೆ. ಅದೇ ತಾಲ್ಲೂಕು ಕಚೇರಿಯ ಇನ್ನೊಂದು ಕೊಠಡಿಯಲ್ಲಿ ಕೂತ ಆಹಾರ ನಿರೀಕ್ಷಕರ ಮುಂದೆ ಅವರು ಮತ್ತೊಮ್ಮೆ ಬಡವರೆಂದು ಸಾಬೀತು ಮಾಡಬೇಕೆ?

ಪಟ್ಟಿ ಜೋಡಿಸಿ ನೋಡುವ ವಿದ್ಯೆ ನಿಮ್ಮ ಇಲಾಖೆಗೆ ಬಾರದ್ದೇನಲ್ಲ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗಲಾಟೆಯಾಯಿತು. ಆದಾಯ ತೆರಿಗೆದಾರರು, ಸರ್ಕಾರಿ ನೌಕರರು ಯಾರೆಂದು ದಾಖಲೆಗಳನ್ನು ತಾಳೆ ಹಾಕಿಯೇ ಹುಡುಕಿದ್ದು. ಅರ್ಹರ ಕಾರ್ಡೂ ಹೋಯಿತೆಂದು ಕೂಗೆದ್ದ ಮೇಲೆ ವಾಪಸು ಕೊಟ್ಟಿರಿ. ಕಾರ್ಡು ತೆಗೆಯುವಾಗ ಯಾರನ್ನೂ ಅರ್ಜಿ ಕೇಳಲಿಲ್ಲವಲ್ಲ. ಕೊಡುವಾಗ ಮಾತ್ರ ಏಕೆ?

ಕಾರ್ಡು ಸಿಕ್ಕ ಮೇಲಿನ ಪಾಡನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಹೆಬ್ಬೆಟ್ಟು ಹತ್ತಲಿಲ್ಲ, ಓಟಿಪಿ ಬರಲಿಲ್ಲ ಎಂಬ ಕಾರಣಕ್ಕೆ ಯಾರಿಗೂ ಧಾನ್ಯ ನಿಲ್ಲಿಸಬಾರದು ಎಂದು ಕೇಂದ್ರವೇ 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ಬರೆದಿದೆ. ಆ ಮಾತನ್ನು ಪ್ರತಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಅಂಟಿಸಿ. ಅಂಗಡಿಯವರಲ್ಲಿ ಕೆಟ್ಟವರು ಕಡಿಮೆ, ತನಿಖೆಗೆ ಹೆದರುವವರೇ ಹೆಚ್ಚು. ರಿಜಿಸ್ಟರಿನಲ್ಲಿ ಬರೆದು ಕೊಟ್ಟರೆ ನಾಳೆ ಯಾರು ಕೇಳುತ್ತಾರೋ ಎಂಬ ಭಯ ಅವರಿಗೆ. 2024ರ ಬಜೆಟ್ಟಿನಲ್ಲಿ ಘೋಷಿಸಿದ ಅನ್ನ ಸುವಿಧಾ ಒಳ್ಳೆಯ ಯೋಜನೆ: ನಿಗದಿತ ವಯಸ್ಸು ದಾಟಿದವರಷ್ಟೇ ಇರುವ ಮನೆಗೇ ರೇಷನ್. ಆದರೆ ಗಂಡ ಆ ವಯಸ್ಸು ದಾಟಿ, ಹೆಂಡತಿ ಇನ್ನೂ ದಾಟದೆ, ಇಬ್ಬರೇ ಇರುವ ಮನೆಯಲ್ಲಿ ಆ ಚೀಲವನ್ನು ಯಾರು ಹೊರಬೇಕು? ಮನೆಯಲ್ಲಿರುವ ಎಲ್ಲರೂ ಆ ವಯಸ್ಸು ದಾಟಿರಬೇಕೆಂಬ ಷರತ್ತನ್ನು ಸಡಿಲಿಸಿ. ದಕ್ಷಿಣದ ಜಿಲ್ಲೆಗಳಿಗೆ ರಾಗಿ ಕೊಡುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹಲ್ಲಿಲ್ಲದವರಿಗೆ ಅಂಬಲಿಯೇ ದೇವರು.

ಈ ಪತ್ರ ಓದುವ ಹಿರಿಯರಿಗೂ ಒಂದು ಮಾತು. ಅಕ್ಕಿ ಕೊಡದೆ ವಾಪಸು ಕಳಿಸಿದರೆ 1967ಕ್ಕೆ ಫೋನ್ ಮಾಡಿ ದೂರು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇರಬೇಕೆಂದು ಕಾಯ್ದೆಯೇ ಹೇಳಿದೆ.

ಸಚಿವರೇ, ನಾನು ಕೇಳುತ್ತಿರುವುದಕ್ಕೆ ಹೊಸ ಕಾನೂನು ಬೇಡ. ಪಿಂಚಣಿ ಪಟ್ಟಿಯನ್ನೂ ರೇಷನ್ ಪಟ್ಟಿಯನ್ನೂ ಎದುರುಬದುರು ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರ ಹೆಸರನ್ನೂ, ದೂರದೂರಿನ ಮಕ್ಕಳ ಕಾರ್ಡಿನಲ್ಲಿ ಸಿಕ್ಕಿಕೊಂಡವರ ಹೆಸರನ್ನೂ ಪಂಚಾಯಿತಿವಾರು ತೆಗೆಸಿ. ಗ್ರಾಮ ಆಡಳಿತಾಧಿಕಾರಿ ಮನೆಗೆ ಹೋಗಿ ‘ಕಾರ್ಡು ಬೇಕೇನಮ್ಮ?’ ಎಂದು ಕೇಳಿ, ಅಲ್ಲೇ ನೋಂದಾಯಿಸಲಿ. ಮಗನ ಕಾರ್ಡಿನಿಂದ ಹೆಸರು ತಾನಾಗಿ ಬಿಟ್ಟುಹೋಗಲಿ. ಸರ್ಕಾರ ತೆಗೆಯಿತು ಎಂದರೆ ತಾಯಿಯ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮಾದರಿಗೆಂದು ಒಂದು ತಾಲ್ಲೂಕು ಬೇಕಿದ್ದರೆ ನಮ್ಮದನ್ನೇ ತೆಗೆದುಕೊಳ್ಳಿ. ಪಟ್ಟಿ ಬಂದ ದಿನ ಬಿಟ್ಟುಹೋದ ಮನೆ ಯಾವುದು, ತೀರಿಕೊಂಡವರು ಯಾರು ಎಂದು ಗುರುತು ಹಾಕಿಕೊಡಲು ನಾನೂ ನನ್ನಂಥ ನಿವೃತ್ತರೂ ಪಂಚಾಯಿತಿ ಕಚೇರಿಗೆ ಬರುತ್ತೇವೆ.

ಇತಿ,
ನಿವೃತ್ತ ಗ್ರಂಥಾಲಯ ಮೇಲ್ವಿಚಾರಕ
ಶಿವಮೊಗ್ಗ ಜಿಲ್ಲೆ